ಸಂಭ್ರಮ ಶನಿವಾರದ ಒಂದು ಗಂಟೆಯನ್ನು ಹಾಡಿಗೂ ಕತೆಗೂ ಕೊಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರ.

ನನ್ನ ಕೋರಿಕೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ತಿಂಗಳ ಮೂರನೇ ಶನಿವಾರ ನಮ್ಮ ಶಾಲೆಯ ಮಕ್ಕಳು ಬ್ಯಾಗ್ ಇಲ್ಲದೆ ಬರುತ್ತಾರೆ. ಸಂಭ್ರಮ ಶನಿವಾರ ಅಂತ ನಿಮ್ಮ ಇಲಾಖೆ ಅದಕ್ಕೆ ಚೆಂದದ ಹೆಸರನ್ನೇ ಇಟ್ಟಿದೆ. ಆ ದಿನದ ಒಂದು ಗಂಟೆಯನ್ನು ಜನಪದ ಹಾಡಿಗೂ ಕತೆಗೂ ಮೀಸಲಿಡಿ. ನಮ್ಮ ನಾಡಿನದೊಂದು ಹಾಡು, ಅದರ ಪಕ್ಕದಲ್ಲೇ ಬೇರೆ ದೇಶದ್ದೊಂದು ಹಾಡು. ನಮ್ಮದೊಂದು ಕತೆ, ಅದರ ಜೊತೆಗೆ ದೂರದ ಊರಿನದೊಂದು ಕತೆ. ಹಾಡುವುದಕ್ಕೆ, ಹೇಳುವುದಕ್ಕೆ ಜನಪದ ಕಲಾವಿದರನ್ನು ಶಾಲೆಗೆ ಕರೆಸಿ. ಬಂದವರಿಗೆ ಮರ್ಯಾದೆಯ ಸಂಭಾವನೆ ಕೊಡಿ. ಮೊದಲು ಬೆಂಗಳೂರಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶುರು ಮಾಡಿ.

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಪೀಣ್ಯದ ಹತ್ತಿರ ಮನೆ. ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ಸರ್ಕಾರಿ ಶಾಲೆಗೆ ಈಗಲೂ ಶನಿವಾರ ಹೋಗುತ್ತೇನೆ. ಮಕ್ಕಳಿಗೆ ಕತೆ ಹೇಳುತ್ತೇನೆ, ಹಾಡು ಹೇಳಿಕೊಡುತ್ತೇನೆ. ಆ ಮಕ್ಕಳನ್ನು ನೋಡಿಯೇ ಈ ಪತ್ರ ಬರೆಯಬೇಕು ಅನ್ನಿಸಿತು.

ಅವರು ಯಾರ ಮಕ್ಕಳು ಅಂತ ನಿಮಗೆ ಗೊತ್ತಿರುತ್ತದೆ. ಅಪ್ಪ ಅಮ್ಮ ಫ್ಯಾಕ್ಟರಿಯಲ್ಲೋ, ಗಾರ್ಮೆಂಟ್ಸ್‌ನಲ್ಲೋ, ಕಟ್ಟಡ ಕೆಲಸದಲ್ಲೋ ಇರುವವರು. ಯಾದಗಿರಿ, ರಾಯಚೂರು ಕಡೆಯಿಂದ ಬಂದವರು ಇದ್ದಾರೆ. ಮನೆಯಲ್ಲಿ ತೆಲುಗು, ತಮಿಳು, ಉರ್ದು ಮಾತಾಡುವವರು ಇದ್ದಾರೆ. ಬಿಹಾರ, ಒಡಿಶಾದ ಮಕ್ಕಳಿದ್ದಾರೆ. ಅಪಾರ್ಟ್‌ಮೆಂಟ್ ಕಾಯುವ ನೇಪಾಳದವರ ಮಕ್ಕಳೂ ಇದ್ದಾರೆ. ಒಂದೇ ಬೆಂಚಿನಲ್ಲಿ ನಾಲ್ಕು ಭಾಷೆ ಕೂತಿರುತ್ತದೆ. ಆದರೆ ಪಕ್ಕದಲ್ಲಿ ಕೂತವನ ಮನೆಯಲ್ಲಿ ಯಾವ ಹಾಡು ಹೇಳಿ ಮಗು ಮಲಗಿಸುತ್ತಾರೆ, ಯಾವ ಕತೆ ಹೇಳುತ್ತಾರೆ ಅನ್ನುವುದು ಇನ್ನೊಬ್ಬನಿಗೆ ಗೊತ್ತಿಲ್ಲ. ಬಿಸಿಯೂಟ ಒಟ್ಟಿಗೆ ಮಾಡುತ್ತಾರೆ, ಆಟ ಒಟ್ಟಿಗೆ ಆಡುತ್ತಾರೆ, ಅಷ್ಟೇ. ಜಗಳ ಬಂದಾಗ ಮಾತ್ರ ಬಾಯಿಗೆ ಬರುವುದು ಊರಿನ ಹೆಸರು, ಮೈಬಣ್ಣ, ಭಾಷೆ.

ಇದು ಬರೀ ಮಕ್ಕಳ ಜಗಳದ ಮಾತಲ್ಲ. 2012ರ ಆಗಸ್ಟ್‌ನಲ್ಲಿ ಒಂದು ಸುಳ್ಳು ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ನಮ್ಮ ರೈಲು ನಿಲ್ದಾಣಕ್ಕೆ ಓಡಿದ್ದು ನೆನಪಿದೆಯಲ್ವಾ? ನಮ್ಮ ಪಕ್ಕದ ಮನೆಯಲ್ಲಿದ್ದವರು, ನಮ್ಮ ಅಂಗಡಿಗಳಲ್ಲಿ ದುಡಿಯುತ್ತಿದ್ದವರು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದರು. 2016ರ ಜನವರಿ ಕೊನೆಯಲ್ಲಿ ತಾಂಜಾನಿಯಾದಿಂದ ಓದಲು ಬಂದಿದ್ದ ಹುಡುಗಿಯೊಬ್ಬಳ ಮೇಲೆ ಇದೇ ಊರಿನಲ್ಲಿ ಗುಂಪು ಸೇರಿ ಹಲ್ಲೆ ಮಾಡಿತು. ಬೇರೆ ಯಾರೋ ಮಾಡಿದ ಅಪಘಾತಕ್ಕೆ ಅವಳನ್ನು ಹಿಡಿದರು. ಕಪ್ಪಗಿರುವವರೆಲ್ಲ ಒಂದೇ ಅಂತ ನಂಬಿದವರು ಅವರು. ಅವರೂ ಯಾವುದೋ ಶಾಲೆಯಲ್ಲಿ ಓದಿದವರೇ. ಪ್ರಪಂಚದ ಭೂಪಟ ನೋಡಿದವರೇ, ರಾಜಧಾನಿಗಳ ಹೆಸರು ಬಾಯಿಪಾಠ ಮಾಡಿದವರೇ. ಆ ಪಾಠ ಅವರ ಮನಸ್ಸಿಗೆ ಇಳಿಯಲಿಲ್ಲ. ನಾನು ಶಿಕ್ಷಕಿ. ಆ ಸುದ್ದಿ ಓದಿದ ದಿನ ನನಗೆ ಬಂದ ಮೊದಲ ಯೋಚನೆಯೇ ಅದು.

ಈಗ ಶಾಲೆಗಳಲ್ಲಿ ವಿಶ್ವ ಸಂಸ್ಕೃತಿ ಅಂತ ಏನೂ ಮಾಡುತ್ತಿಲ್ಲ ಅಂತಲ್ಲ. ಫ್ಯಾನ್ಸಿ ಡ್ರೆಸ್ ಮಾಡಿಸುತ್ತಾರೆ. ಜಪಾನ್ ಅಂದರೆ ಕಿಮೊನೊ ಮತ್ತು ಬೀಸಣಿಗೆ. ಅರಬ್ ದೇಶ ಅಂದರೆ ಬಿಳಿ ನಿಲುವಂಗಿ. ಆಫ್ರಿಕಾ ಅಂದರೆ ಮುಖಕ್ಕೆ ಕಪ್ಪು ಬಳಿದು, ಸೊಂಟಕ್ಕೆ ಎಲೆ ಸುತ್ತಿ, ಕೈಯಲ್ಲೊಂದು ಕೋಲು ಕೊಟ್ಟು ಕುಣಿಸುವುದು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ದೊಡ್ಡ ಶಾಲೆ, ಓದಿದ ತಂದೆತಾಯಿ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. 54 ದೇಶಗಳಿರುವ ಒಂದು ಖಂಡ ಆ ಮಗುವಿನ ತಲೆಯಲ್ಲಿ ಎಲೆ ಸುತ್ತಿಕೊಂಡವರ ಊರಾಗಿ ಉಳಿಯಿತು. ಇದರಿಂದ ಮಗು ಏನೂ ಕಲಿಯದಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು. ತಪ್ಪನ್ನೇ ಕಲಿಯುತ್ತದೆ, ಅದೂ ಬಹುಮಾನ ತೆಗೆದುಕೊಂಡು.

ಹಾಡು, ಕತೆ ಹಾಗಲ್ಲ. ಒಂದು ಹಾಡನ್ನು ಕಲಿಯಬೇಕಾದರೆ ಅದನ್ನು ಬಾಯಿಂದಲೇ ಆಡಬೇಕು. ಆ ಉಸಿರು, ಆ ತಾಳ ನಮ್ಮ ಮೈಯೊಳಗೆ ಬರಬೇಕು. ಕತೆ ಕೇಳುವಾಗ ಮಗು ಆ ಊರಿನ ಹುಡುಗನ ಜೊತೆ ಹಸಿದುಕೊಳ್ಳುತ್ತದೆ, ಹೆದರುತ್ತದೆ, ಗೆಲ್ಲುತ್ತದೆ. ಹಾಗೆ ಪರಿಚಯವಾದವರನ್ನು ಆಮೇಲೆ ಯಾರೋ ಪರಕೀಯರು ಅಂತ ದೂರ ತಳ್ಳುವುದು ಕಷ್ಟ.

ಇದು ಕನ್ನಡಕ್ಕೆ ಹೊಸದೇನಲ್ಲ. ಜರ್ಮನಿಯಲ್ಲಿ ವೇಸರ್ ನದಿಯ ದಡದಲ್ಲಿ ಹಾಮೆಲಿನ್ ಅಂತ ಒಂದು ಊರು. 1284ರ ಜೂನ್ 26ರಂದು ಅಲ್ಲಿಂದ 130 ಮಕ್ಕಳು ಒಬ್ಬ ಕೊಳಲೂದುವವನ ಹಿಂದೆ ಹೋಗಿ ಕಾಣೆಯಾದರು ಅಂತ ಆ ಊರಿನ ಹಳೇ ದಾಖಲೆಗಳು ಹೇಳುತ್ತವೆ. ಆ ಕತೆ ಇಂಗ್ಲಿಷ್‌ನಲ್ಲಿ ಬ್ರೌನಿಂಗ್ ಅವರ ಪದ್ಯವಾಯಿತು. ಅಲ್ಲಿಂದ ಕುವೆಂಪು ಅವರ ಕೈಗೆ ಬಂದು 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಆಯಿತು. ಅವರು ಏನು ಮಾಡಿದರು ನೋಡಿ. ಊರನ್ನು ತುಂಗಾ ತೀರಕ್ಕೆ ತಂದರು. ಕೊಳಲಿನವನ ಕೈಗೆ ಕಿಂದರಿ, ಅಂದರೆ ಕಿನ್ನರಿ ಅನ್ನುವ ತಂತಿವಾದ್ಯ ಕೊಟ್ಟರು. ಕಿನ್ನರಿ ಹಿಡಿದು ಊರೂರು ತಿರುಗುತ್ತಾ ಹಾಡುವ ಜೋಗಿಗಳು ನಮ್ಮಲ್ಲೇ ಇದ್ದರಲ್ಲ, ಅವರಲ್ಲೊಬ್ಬನನ್ನು ಕರೆತಂದು ಆ ಜಾಗದಲ್ಲಿ ನಿಲ್ಲಿಸಿದರು. ತಲೆಮಾರುಗಳಿಂದ ನಮ್ಮ ಮಕ್ಕಳು ಅದನ್ನು ಹಾಡುತ್ತಾ, ಆಡುತ್ತಾ ಬಂದಿದ್ದಾರೆ. ಹಾಮೆಲಿನ್ನಿನ ಕತೆಯನ್ನೂ ಕಿನ್ನರಿ ಜೋಗಿಯನ್ನೂ ಒಟ್ಟಿಗೆ ಇಟ್ಟು ಮಕ್ಕಳಿಗೆ ಹೇಳಿದರೆ ಒಂದೇ ಗಂಟೆಯಲ್ಲಿ ಜರ್ಮನಿಯೂ ಗೊತ್ತಾಗುತ್ತದೆ, ನಮ್ಮ ಜೋಗಿಯೂ ಗೊತ್ತಾಗುತ್ತಾನೆ. ಈಗ ಬಹಳ ಮಕ್ಕಳಿಗೆ ಇಬ್ಬರೂ ಗೊತ್ತಿಲ್ಲ.

ನಾನು ಹೇಳುತ್ತಿರುವ ಕ್ರಮ ಇದೇ. ದೂರದ್ದನ್ನು ಒಂಟಿಯಾಗಿ ತರಬಾರದು. ನಮ್ಮದರ ಜೊತೆ ಜೋಡಿ ಮಾಡಿ ತರಬೇಕು. ಜೋಡಿ ಸಿಗುತ್ತದಾ ಅಂತ ಕೇಳಬಹುದು. ಧಾರಾಳವಾಗಿ ಸಿಗುತ್ತದೆ.

ನಮ್ಮ ಹೆಳವರನ್ನು ತೆಗೆದುಕೊಳ್ಳಿ. ಎತ್ತನ್ನು ಸಿಂಗರಿಸಿಕೊಂಡು ಮನೆ ಮುಂದೆ ಬಂದು ನಿಂತು, ಆ ಮನೆತನದ ಅಜ್ಜ, ಮುತ್ತಜ್ಜ, ಅವರ ಅಜ್ಜನ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿ, ಕಾಳುಕಡ್ಡಿ ತೆಗೆದುಕೊಂಡು ಹೋಗುವವರು. ಈಗ ಪಶ್ಚಿಮ ಆಫ್ರಿಕಾಕ್ಕೆ ಬನ್ನಿ. ಮಾಲಿ, ಸೆನೆಗಲ್, ಗ್ಯಾಂಬಿಯಾ ಕಡೆ ಗ್ರಿಯೋ ಅನ್ನುವ ಮನೆತನಗಳಿವೆ. ಅಪ್ಪನಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಬಂದ ವಿದ್ಯೆ. ರಾಜರ, ಮನೆತನಗಳ ವಂಶಾವಳಿಯನ್ನು ಅವರು ಬಾಯಲ್ಲೇ ಇಟ್ಟುಕೊಂಡಿದ್ದಾರೆ. ಕೈಯಲ್ಲಿ ಕೋರಾ ಅನ್ನುವ ವಾದ್ಯ ಇರುತ್ತದೆ. 21 ತಂತಿ. ದೊಡ್ಡ ಸೋರೆಬುರುಡೆಯನ್ನು ಅರ್ಧ ಮಾಡಿ, ತೊಗಲು ಬಿಗಿದು ಮಾಡಿದ್ದು. ನಮ್ಮ ಕಿನ್ನರಿಗೂ ಸೋರೆಬುರುಡೆಯೇ ಬೇಕು.

ಗ್ರಿಯೋಗಳು ಹಾಡುವ ದೊಡ್ಡ ಕತೆ ಸುಂಜಾಟಾನದು. 13ನೇ ಶತಮಾನದಲ್ಲಿ ಮಾಲಿ ಸಾಮ್ರಾಜ್ಯ ಕಟ್ಟಿದ ದೊರೆ. ಚಿಕ್ಕವನಿದ್ದಾಗ ಅವನಿಗೆ ನಡೆಯಲು ಬರುತ್ತಿರಲಿಲ್ಲ. ಒಂದು ದಿನ ಅವನ ತಾಯಿ ಅಡುಗೆಗೆ ಒಂದಿಷ್ಟು ಬಾವೊಬಾಬ್ ಎಲೆ ಕೇಳಿದರೆ ಸವತಿ ಹಂಗಿಸುತ್ತಾಳೆ, ನಿನ್ನ ಮಗನ ಕೈಯಲ್ಲಿ ತರಿಸಿಕೋ ಅಂತ. ಹುಡುಗ ಕಬ್ಬಿಣದ ಸಲಾಕೆ ಊರಿ ಎದ್ದು ನಿಲ್ಲುತ್ತಾನೆ. ನಡೆದು ಹೋಗಿ ಇಡೀ ಮರವನ್ನೇ ಕಿತ್ತು ತಂದು ಅಮ್ಮನ ಬಾಗಿಲಲ್ಲಿ ಹಾಕುತ್ತಾನೆ. ಈ ಕತೆ ಹೇಳಿದ ದಿನ ನಮ್ಮ ಮಕ್ಕಳು ಪೂರ್ತಿ ಸುಮ್ಮನೆ ಕೂತಿದ್ದರು. ಆಮೇಲೆ ಒಬ್ಬ ಹುಡುಗ ಎದ್ದು, ಮಾಲಿ ಎಲ್ಲಿದೆ ಅಂತ ಭೂಪಟದಲ್ಲಿ ತೋರಿಸಿ ಅಂದ. ಭೂಗೋಳದ ಪಾಠದಲ್ಲಿ ಅವನು ಇಂಥ ಪ್ರಶ್ನೆ ಕೇಳಿದ್ದನ್ನು ನಾನು ನೋಡಿಲ್ಲ.

ಇನ್ನು ಹಸು ಕರುವಿನ ಜೋಡಿ. ಪುಣ್ಯಕೋಟಿ ಗೊತ್ತಿಲ್ಲದ ಕನ್ನಡ ಮನೆ ಇಲ್ಲ. ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಅಂತ ಹುಲಿಗೆ ಮಾತು ಕೊಟ್ಟ ತಾಯಿ ಅದು. ಅದರ ಜೊತೆಗೆ ಮಂಗೋಲಿಯಾವನ್ನು ಇಡಿ. ಅಲ್ಲಿನ ಗೋಬಿ ಮರುಭೂಮಿಯಲ್ಲಿ ಒಂಟೆ ಸಾಕುವವರಿದ್ದಾರೆ. ಕೆಲವು ಸಲ ತಾಯಿ ಒಂಟೆ ಹುಟ್ಟಿದ ಮರಿಯನ್ನು ಹತ್ತಿರ ಸೇರಿಸುವುದಿಲ್ಲ. ಕೆಲವು ಸಲ ತಾಯಿ ಸತ್ತು ತಬ್ಬಲಿಯಾದ ಮರಿಯನ್ನು ಬೇರೆ ಒಂಟೆಗೆ ಹೊಂದಿಸಬೇಕಾಗುತ್ತದೆ. ಆಗ ತಾಯಿಯನ್ನೂ ಮರಿಯನ್ನೂ ಹತ್ತಿರ ಕಟ್ಟಿ, ತುದಿಯಲ್ಲಿ ಕುದುರೆ ತಲೆ ಕೆತ್ತಿದ ಪಿಟೀಲು ಬಾರಿಸುತ್ತಾ, ಮೆಲ್ಲಗೆ ಹಾಡುತ್ತಾರೆ. ತಾಯಿ ಒಂಟೆಯ ಕಣ್ಣಲ್ಲಿ ನೀರು ಬರುತ್ತದೆ, ಮರಿಗೆ ಹಾಲು ಬಿಡುತ್ತದೆ ಅನ್ನುತ್ತಾರೆ. 2015ರಲ್ಲಿ ಯುನೆಸ್ಕೊ ಈ ಹಾಡಿನ ಪದ್ಧತಿಯನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಹಾಗೆಯೇ ಸ್ವೀಡನ್, ನಾರ್ವೆಯ ಬೆಟ್ಟದ ಹುಲ್ಲುಗಾವಲುಗಳಲ್ಲಿ ಹೆಂಗಸರು ಸಂಜೆ ಹೊತ್ತು ಬಹಳ ಎತ್ತರದ ದನಿಯಲ್ಲಿ ಹಾಡಿ ದನ ಕರೆಯುತ್ತಾರೆ. ಕಾಡಿನೊಳಗೆ ದೂರ ಹೋದ ದನಗಳು ಆ ದನಿ ಕೇಳಿ ಕೊಟ್ಟಿಗೆಗೆ ಬರುತ್ತವೆ. ಇದನ್ನು ಕೇಳಿಸಿದ ಮೇಲೆ ನಿಮ್ಮ ಊರಲ್ಲಿ ದನ ಹೇಗೆ ಕರೆಯುತ್ತಾರೆ ಅಂತ ಕೇಳಿದೆ. ರಾಯಚೂರಿನ ಕಡೆಯ ಹುಡುಗಿ ಒಂದು ಥರ ಕೂಗಿದಳು, ಮಧುಗಿರಿ ಕಡೆಯವನು ಇನ್ನೊಂದು ಥರ. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಮಕ್ಕಳು ಬೆರಗಾಗಿ ನೋಡುತ್ತಿದ್ದರು. ರಾಯಚೂರು ಕಡೆಯ ಆ ಹುಡುಗಿ ಯಾವಾಗಲೂ ಹಿಂದಿನ ಬೆಂಚಿನಲ್ಲಿ ಮುದುಡಿ ಕೂರುವವಳು. ಅವತ್ತು ಎಲ್ಲರೂ ಅವಳಿಂದ ಕಲಿತರು.

ಕೆಲಸದ ಹಾಡುಗಳನ್ನು ನೋಡಿ. ನಮ್ಮಲ್ಲಿ ಬೀಸುವ ಪದ, ಕುಟ್ಟುವ ಪದ. ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಲ್ಲಿ ನೇಯ್ದ ಉಣ್ಣೆ ಬಟ್ಟೆಯನ್ನು ಒದ್ದೆ ಮಾಡಿ, ಮೇಜಿನ ಸುತ್ತ ಕೂತು, ತಾಳಕ್ಕೆ ಸರಿಯಾಗಿ ಬಡಿದು ದಪ್ಪ ಮಾಡುತ್ತಿದ್ದರು. ಒಬ್ಬಳು ಹೇಳಿಕೊಡುವುದು, ಉಳಿದವರು ಸೊಲ್ಲು ಎತ್ತುವುದು. ನಮ್ಮ ಸೋಬಾನೆ ಹೇಳುವ ಹೆಂಗಸರೂ ಹೀಗೇ ಹಾಡುತ್ತಾರಲ್ವಾ? ಬೆಂಚಿನ ಮೇಲೆ ಒಂದು ಹಳೇ ಕಂಬಳಿ ಹಾಕಿ, ಮಕ್ಕಳನ್ನು ಸುತ್ತ ಕೂರಿಸಿ ಮಾಡಿಸಿದರೆ ಸಾಕು. ಖರ್ಚೂ ಇಲ್ಲ.

ತೊಗಲುಗೊಂಬೆಯ ವಿಷಯವನ್ನು ಸ್ವಲ್ಪ ಜಾಸ್ತಿ ಹೇಳಬೇಕು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ 90 ದಾಟಿತ್ತು. ಜೀವಮಾನವಿಡೀ ತೊಗಲುಗೊಂಬೆ ಆಡಿಸಿದವರು, ಬೇರೆ ಬೇರೆ ದೇಶಗಳಲ್ಲೂ ಆಟ ತೋರಿಸಿ ಬಂದವರು. ಸಾವಿರಾರು ಮೈಲಿ ಆಚೆ ಇಂಡೋನೇಷ್ಯಾದ ಜಾವಾದಲ್ಲೂ ಇದೇ ಆಟ ಇದೆ. ಅಲ್ಲಿ ಅದನ್ನು ವಯಾಂಗ್ ಅನ್ನುತ್ತಾರೆ. ದಲಾಂಗ್ ಅನ್ನುವ ಒಬ್ಬನೇ ಕಲಾವಿದ ರಾತ್ರಿಯಿಡೀ ಪರದೆ ಹಿಂದೆ ಕೂತು ಎಲ್ಲ ಪಾತ್ರಕ್ಕೂ ತಾನೇ ಮಾತಾಡುತ್ತಾನೆ. ಅವರು ಆಡುವುದೂ ರಾಮಾಯಣ, ಮಹಾಭಾರತವೇ. ಜಾವಾದ ಜನರಲ್ಲಿ ಹೆಚ್ಚಿನವರು ಮುಸ್ಲಿಮರು. ಭೀಮ, ಅರ್ಜುನ ಅವರಿಗೂ ಮನೆಯವರೇ. ನಮ್ಮ ಆಟದಲ್ಲಿ ನಗಿಸಲು ಕಿಳ್ಳೇಕ್ಯಾತ, ಬಂಗಾರಕ್ಕ ಬರುತ್ತಾರೆ. ಅವರ ಆಟದಲ್ಲಿ ಸೆಮಾರ್ ಅನ್ನುವ ದಪ್ಪ ಹೊಟ್ಟೆಯ ಮುದುಕ ತನ್ನ ಮಕ್ಕಳ ಜೊತೆ ಬರುತ್ತಾನೆ. ಈ ಪಾತ್ರಗಳು ಯಾವ ಮೂಲ ಮಹಾಭಾರತದಲ್ಲೂ ಇಲ್ಲ. ಎರಡೂ ಕಡೆ ಜನ ತಮಗೆ ಬೇಕಾದವರನ್ನು ತಾವೇ ಸೇರಿಸಿಕೊಂಡಿದ್ದಾರೆ. ನಮ್ಮ ಉರ್ದು ಮಾತಾಡುವ ಮಕ್ಕಳೂ ಕನ್ನಡ ಮಾತಾಡುವ ಮಕ್ಕಳೂ ಪಕ್ಕಪಕ್ಕ ಕೂತು ಇದನ್ನು ಕೇಳಬೇಕು ಅನ್ನುವುದು ನನ್ನ ದೊಡ್ಡ ಆಸೆ.

ಆಫ್ರಿಕಾದವರ ಬಗ್ಗೆ ಹೇಳುವಾಗ ದೂರ ಹೋಗಬೇಕಾಗಿಯೂ ಇಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ನೂರಾರು ವರ್ಷಗಳ ಹಿಂದೆ ಅವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದರು. ಅವರು ಕನ್ನಡಿಗರು, ಅವರ ಡಮಾಮಿ ಕುಣಿತ ಕರ್ನಾಟಕದ ಕುಣಿತ. ಸಮುದ್ರದ ಇನ್ನೊಂದು ಕಡೆ, ಘಾನಾ ದೇಶದವರನ್ನು ಗುಲಾಮರಾಗಿ ಜಮೈಕಾಕ್ಕೆ ಹೊತ್ತೊಯ್ದಾಗ ಅವರ ಜೊತೆ ಅನಾನ್ಸಿ ಅನ್ನುವ ಜಾಣ ಜೇಡದ ಕತೆಗಳೂ ಹೋದವು. ಎಲ್ಲವನ್ನೂ ಕಿತ್ತುಕೊಂಡ ಮೇಲೂ ಅವರ ಬಾಯಲ್ಲಿದ್ದ ಕತೆಯನ್ನು ಕಿತ್ತುಕೊಳ್ಳಲು ಆಗಲಿಲ್ಲ. ಗುಲಾಮಗಿರಿ ಅಂದರೆ ಏನು ಅಂತ ಹತ್ತು ವರ್ಷದ ಮಗುವಿಗೆ ಹೇಳಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ಒಂದು ಸಣ್ಣ ಉಪಾಯವನ್ನೂ ಇಲ್ಲೇ ಹೇಳುತ್ತೇನೆ. ತಾಂಜಾನಿಯಾ, ಕೆನ್ಯಾ ಕಡೆ ಸ್ವಾಹಿಲಿಯಲ್ಲಿ ಕತೆ ಶುರು ಮಾಡುವಾಗ ಹೇಳುವವರು "ಪೌಕ್ವಾ!" ಅನ್ನುತ್ತಾರೆ. ಕೇಳುವವರು "ಪಾಕಾವಾ!" ಅಂತ ಉತ್ತರ ಕೊಡಬೇಕು. ಕೊಟ್ಟರೆ ಮಾತ್ರ ಕತೆ. ನಮ್ಮಲ್ಲೂ ಅಜ್ಜಿ ಕತೆ ಹೇಳುವಾಗ ಹೂಂಗುಟ್ಟದಿದ್ದರೆ ಅವಳು ಮುಂದೆ ಹೇಳುವುದಿಲ್ಲ. ನಮ್ಮ ಶಾಲೆಯಲ್ಲಿ ಈಗ ಎರಡೂ ಇದೆ. ಶುರುವಿಗೆ ಪೌಕ್ವಾ, ನಡುವೆ ಹೂಂ. ಮಕ್ಕಳು ಎಷ್ಟು ಜೋರಾಗಿ ಕೂಗುತ್ತಾರೆಂದರೆ ಪಕ್ಕದ ಕೋಣೆಯ ಟೀಚರ್ ಕೂಡ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ತಾಂಜಾನಿಯಾದ ಆ ಹುಡುಗಿಯ ಮೇಲೆ ಹಲ್ಲೆ ನಡೆದ ಇದೇ ಊರಿನಲ್ಲಿ ಅವಳ ನಾಡಿನ ಪದ್ಧತಿಯಂತೆ ಮಕ್ಕಳು ಕತೆ ಶುರು ಮಾಡುತ್ತಿದ್ದಾರೆ. ಇದು ನನಗೆ ಮುಖ್ಯ ಅನ್ನಿಸುತ್ತದೆ.

ಹಾಡು ಕತೆ ಬರಬೇಕಾದ್ದು ಪುಸ್ತಕದಿಂದ ಮಾತ್ರ ಅಂತಲೂ ನಾನು ಹೇಳುತ್ತಿಲ್ಲ. ಮೊದಲು ಮಕ್ಕಳ ಮನೆಯಿಂದ ಬರಲಿ. ನಿಮ್ಮ ಅಮ್ಮ, ಅಜ್ಜಿ ಹೇಳುವ ಒಂದು ಹಾಡು ಕೇಳಿಕೊಂಡು ಬನ್ನಿ ಅಂತ ಹೇಳಿ ಕಳಿಸಿದರೆ ಏನೇನು ಬರುತ್ತದೆ ಗೊತ್ತಾ? ಭೋಜಪುರಿ ಜೋಗುಳ ಬರುತ್ತದೆ, ಲಂಬಾಣಿ ಹಾಡು ಬರುತ್ತದೆ. ನೇಪಾಳದ ಹುಡುಗ ತನ್ನ ಅಪ್ಪನ ಊರಲ್ಲಿ ಗಂಧರ್ಬರು ಅಂತ ಇದ್ದಾರೆ, ಸಾರಂಗಿ ಹಿಡಿದು ಊರೂರಿಗೆ ಸುದ್ದಿ ಹಾಡುತ್ತಾ ಹೋಗುತ್ತಾರೆ ಅಂದ. ನಮ್ಮ ಕಿನ್ನರಿ ಜೋಗಿಯ ಹಾಗೆ ಅಂತ ಇನ್ನೊಂದು ಮಗು ಥಟ್ಟನೆ ಹೇಳಿತು. ನಾನು ಹೇಳಿಕೊಟ್ಟಿರಲಿಲ್ಲ.

ಇಲ್ಲಿ ಜಾತಿಯ ಮಾತನ್ನೂ ಆಡಲೇಬೇಕು. ನಮ್ಮ ಹಾಡುಗಾರರು, ವಾದ್ಯದವರು, ಗೊಂಬೆಯವರು ಬಹುಪಾಲು ದಲಿತ ಮತ್ತು ಅಲೆಮಾರಿ ಸಮುದಾಯಗಳವರು. ತಮಟೆ ಬಡಿಯುವವರ ಮಗ ಅಂತ ಶಾಲೆಯಲ್ಲಿ ಹೇಳಿಕೊಳ್ಳಲು ಮಕ್ಕಳು ಇವತ್ತಿಗೂ ಹಿಂಜರಿಯುತ್ತಾರೆ. ಬೆಂಗಳೂರಿಗೆ ಹತ್ತಿರದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂದಿದೆ. ದೆಹಲಿಯಲ್ಲಿ ಸಿಕ್ಕ ಆ ಮರ್ಯಾದೆ ನಮ್ಮ ತರಗತಿಯ ಕೋಣೆಗೂ ಬರಬೇಕು. ಹೆಡ್ ಮಾಸ್ಟರ್ ಎದ್ದು ನಿಂತು ತಮಟೆಯವರನ್ನು ಬರಮಾಡಿಕೊಂಡು, ಕುರ್ಚಿ ಕೊಟ್ಟು, ಇವರು ಇವತ್ತಿನ ಮೇಷ್ಟ್ರು ಅಂತ ಹೇಳಿದರೆ ಹಿಂದೆ ಕೂತ ಆ ಹುಡುಗನ ಬೆನ್ನು ನೆಟ್ಟಗಾಗುತ್ತದೆ. ಬೇರೆ ದೇಶದವರನ್ನು ಗೌರವಿಸಿ ಅಂತ ಪಾಠ ಮಾಡುವ ಮೊದಲು ಇದು ಆಗಬೇಕು.

ಕಲಾವಿದರಿಗೆ ಈಗ ಸಿಗುತ್ತಿರುವುದು ಏನು? ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಒಳ್ಳೆಯದು. ಆದರೆ ಕರೆಯುವುದು ಮಾತ್ರ ಮೆರವಣಿಗೆಗೆ. ಬಿಸಿಲಲ್ಲಿ ಕಾಯಿಸಿ, ಗಣ್ಯರ ಕಾರಿನ ಮುಂದೆ ಕುಣಿಸಿ ಕಳಿಸುತ್ತೇವೆ. ಅವರ ವಿದ್ಯೆ ಮಕ್ಕಳಿಗೆ ದಾಟುವುದೇ ಇಲ್ಲ. ಹಾಲಕ್ಕಿ ಸಮುದಾಯದ ಹಾಡುಗಳ ಸುಕ್ರಿ ಬೊಮ್ಮಗೌಡ ಅವರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. 2017ರಲ್ಲಿ ಪದ್ಮಶ್ರೀ ಪಡೆದ ಅಜ್ಜಿ ಅವರು. ಓದು ಬರಹ ಕಲಿಯದ ಅವರಿಗೆ ಲೆಕ್ಕವಿಲ್ಲದಷ್ಟು ಹಾಡು ಬಾಯಲ್ಲಿತ್ತು. ಅಂಥವರು ಇನ್ನೂ ನಮ್ಮ ನಡುವೆ ಇದ್ದಾರೆ. ವಯಸ್ಸಾಗುತ್ತಿದೆ, ಕಾಯಲು ಪುರುಸೊತ್ತಿಲ್ಲ.

ಹೊರಗಿನವರು ನಮ್ಮ ಹಾಡಿಗೆ ಕೊಟ್ಟ ಬೆಲೆಯನ್ನೂ ನೋಡಿ. ಲೌರಿ ಹಾಂಕೊ ಅಂತ ಫಿನ್‌ಲೆಂಡಿನ ವಿದ್ವಾಂಸರು 1990ರಲ್ಲಿ ಬೆಳ್ತಂಗಡಿ ತಾಲೂಕಿಗೆ ಬಂದು, ಗೋಪಾಲ ನಾಯ್ಕರು ತುಳುವಿನಲ್ಲಿ ಹಾಡಿದ ಸಿರಿ ಪಾಡ್ದನ ಅನ್ನುವ ದೊಡ್ಡ ಕಥನಗೀತೆಯನ್ನು ಇಲ್ಲಿನ ವಿದ್ವಾಂಸರ ಜೊತೆ ಸೇರಿ ಪೂರ್ತಿ ಬರೆದುಕೊಂಡರು. 15,683 ಸಾಲು. 1998ರಲ್ಲಿ ಅದು ಫಿನ್‌ಲೆಂಡಿನಲ್ಲಿ ಅಚ್ಚಾಯಿತು. ಹಳ್ಳಿಯವರ ಹಾಡುಗಳನ್ನು ಸೇರಿಸಿ 1835ರಲ್ಲಿ ತಮ್ಮದೇ ಮಹಾಕಾವ್ಯ ಕಟ್ಟಿಕೊಂಡ ಜನ ಅವರು. ಹಾಡಿನ ಬೆಲೆ ಅವರಿಗೆ ಗೊತ್ತಿತ್ತು. ಫಿನ್‌ಲೆಂಡಿನ ಬಗ್ಗೆ ನಮ್ಮ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಶುರು ಬೇಕಾ?

ಕೇಳಿಬರುವ ಆಕ್ಷೇಪಗಳು ನನಗೆ ಗೊತ್ತಿವೆ. ಮಕ್ಕಳಿಗೆ ಓದು, ಲೆಕ್ಕವೇ ಸರಿಯಾಗಿ ಬರುತ್ತಿಲ್ಲ, ಇದಕ್ಕೆಲ್ಲ ಟೈಮ್ ಎಲ್ಲಿ ಅಂತಾರೆ. ಇರುವ ಬ್ಯಾಗ್ ಇಲ್ಲದ ದಿನದಲ್ಲೇ ಒಂದು ಗಂಟೆ ಕೇಳುತ್ತಿದ್ದೇನೆ, ಪಾಠದ ಸಮಯ ಕೇಳುತ್ತಿಲ್ಲ. ಕತೆ ಕೇಳಿದ ಮಗುವಿಗೆ ಮಾತು ಹೆಚ್ಚುತ್ತದೆ, ಮಾತು ಹೆಚ್ಚಿದರೆ ಓದು ಸಲೀಸಾಗುತ್ತದೆ. ಮನೆಯಲ್ಲಿ ಕನ್ನಡ ಆಡದ ಮಕ್ಕಳು ನಮ್ಮ ಶಾಲೆಯಲ್ಲಿ ಕನ್ನಡ ಕಲಿತದ್ದು ಜಾಸ್ತಿ ಹಾಡಿನಿಂದಲೇ. ನಲಿ-ಕಲಿ ಶುರುವಾದದ್ದೂ ಇದೇ ನಂಬಿಕೆಯಿಂದ ತಾನೇ? 1995ರಲ್ಲಿ ಎಚ್.ಡಿ. ಕೋಟೆಯ ಕೆಲವು ಶಾಲೆಗಳಲ್ಲಿ ಹಾಡು, ಕತೆ, ಆಟದ ಮೂಲಕ ಕಲಿಸಲು ಹೊರಟ ಶಿಕ್ಷಕರೇ ಅದನ್ನು ಬೆಳೆಸಿದರು, ಆಮೇಲೆ ಅದು ರಾಜ್ಯಕ್ಕೆಲ್ಲ ಬಂತು. ತೊಂದರೆ ಏನೆಂದರೆ ಮೂರನೇ ತರಗತಿ ದಾಟಿದ ಕೂಡಲೇ ಹಾಡು ನಿಂತುಹೋಗುತ್ತದೆ. ಪ್ರಪಂಚವನ್ನು ತಿಳಿಯುವ ವಯಸ್ಸು ಶುರುವಾಗುವುದೇ ಆಗ. ನಾಲ್ಕರಿಂದ ಏಳನೇ ತರಗತಿಯವರೆಗೆ ಈ ಗಂಟೆ ಬೇಕು ಅನ್ನುವುದು ಅದಕ್ಕೇ.

ಜನಪದ ಹಾಡೆಂದರೆ ದೇವರ ಹಾಡು, ಎಲ್ಲ ಧರ್ಮದ ಮಕ್ಕಳಿರುವ ಕಡೆ ಕಷ್ಟವಾಗುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ಜೋಗುಳ, ಕೆಲಸದ ಹಾಡು, ಮಳೆಯ ಹಾಡು, ಪ್ರಾಣಿಗಳ ಕತೆಯಿಂದ ಶುರು ಮಾಡೋಣ. ಒಮ್ಮೆ ಸ್ನೇಹ ಬೆಳೆದ ಮೇಲೆ ಒಬ್ಬರ ದೇವರ ಹಾಡನ್ನು ಇನ್ನೊಬ್ಬರು ಕೇಳುವುದಕ್ಕೆ ಮಕ್ಕಳೇನೂ ಬೇಸರ ಪಡುವುದಿಲ್ಲ.

ಸ್ಮಾರ್ಟ್ ಕ್ಲಾಸ್ ಇದೆಯಲ್ಲ, ವಿಡಿಯೊ ಹಾಕಿದರೆ ಸಾಲದಾ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಒಂಟೆಯ ಹಾಡನ್ನು ನಾನೂ ಮೊಬೈಲ್‌ನಲ್ಲೇ ಕೇಳಿಸಿದ್ದು. ಅದು ಬೇಕು. ಆದರೆ ಅದಾದ ಮೇಲೆ ಮಕ್ಕಳು ತಾವೇ ಹಾಡಬೇಕು, ಎದುರಿಗೆ ಒಬ್ಬ ಮನುಷ್ಯ ಕೂತು ಹೇಳಬೇಕು.

ಇನ್ನೊಂದು ಮಾತು. ದಯವಿಟ್ಟು ಇದನ್ನು ಸ್ಪರ್ಧೆ ಮಾಡಬೇಡಿ. ಪ್ರತಿಭಾ ಕಾರಂಜಿಯಲ್ಲಿ ಹಾಡು, ಕತೆಗೆ ಜಾಗ ಇದೆ, ಅದು ಇರಲಿ. ಅಲ್ಲಿ ಚೆನ್ನಾಗಿ ಹಾಡುವ ಒಂದು ಮಗುವನ್ನು ಆರಿಸಿ ತಯಾರು ಮಾಡುತ್ತಾರೆ, ಉಳಿದವರು ಕೇಳುತ್ತಾರೆ. ಈ ಗಂಟೆಯಲ್ಲಿ ಎಲ್ಲರೂ ಹಾಡಲಿ. ಶ್ರುತಿ ತಪ್ಪಿದರೂ ಹಾಡಲಿ. ಪರೀಕ್ಷೆ, ಅಂಕ, ಅಪ್‌ಲೋಡ್ ಮಾಡಬೇಕಾದ ಫೋಟೊ ಯಾವುದೂ ಬೇಡ. ಕಾರ್ಯಕ್ರಮ ಮಾಡುವುದಕ್ಕಿಂತ ಅದರ ಫೋಟೊ ಕಳಿಸುವುದೇ ನಮ್ಮ ಶಿಕ್ಷಕರಿಗೆ ಈಗ ದೊಡ್ಡ ಕೆಲಸವಾಗಿದೆ.

ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಹೆಚ್ಚಿನ ಸರ್ಕಾರಿ ಶಾಲೆಗಳಲ್ಲಿ ಸಂಗೀತ ಶಿಕ್ಷಕರಿಲ್ಲ. ಹಾಗಾಗಿ ಸಂಗೀತ ಬಾರದ ಶಿಕ್ಷಕರೂ ನಡೆಸುವಂತೆ, ಹಾಡು ಕತೆಗಳ ಜೋಡಿಯ ಒಂದು ಸಣ್ಣ ಕೈಪಿಡಿ ಮತ್ತು ಧ್ವನಿಮುದ್ರಣ ಸಿದ್ಧಪಡಿಸಿ. ಜಾನಪದ ಅಕಾಡೆಮಿಗೆ ಕಲಾವಿದರ ಪರಿಚಯವಿದೆ. ಹಾವೇರಿಯ ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯ ಇದೆ. ಅವರನ್ನು ಕೂರಿಸಿಕೊಂಡು ಮಾಡಿಸಿ. ಆಕಾಶವಾಣಿಯ 'ಕೇಳಿ ಕಲಿ' ಪಾಠಗಳನ್ನು ನಾನು ತರಗತಿಯಲ್ಲಿ ಹಾಕಿದವಳು. ಅಂಥ ಪಾಠವಾಗಿ ಈ ಹಾಡು ಕತೆಗಳನ್ನೂ ಪ್ರಸಾರ ಮಾಡಬಹುದು. ವರ್ಷಕ್ಕೊಮ್ಮೆ ಮಕ್ಕಳನ್ನು ರಾಮನಗರದ ಹತ್ತಿರದ ಜಾನಪದ ಲೋಕಕ್ಕೆ ಕರೆದುಕೊಂಡು ಹೋಗಲು ಬಸ್ಸು ಕೊಡಿ. ಎಚ್.ಎಲ್. ನಾಗೇಗೌಡರು ಕಟ್ಟಿದ ಆ ಜಾಗ ಮೈಸೂರು ರಸ್ತೆಯಲ್ಲೇ ಇದೆ, ಆದರೂ ಅದನ್ನು ನೋಡದೆ ಬೆಳೆದ ಬೆಂಗಳೂರಿನ ಮಕ್ಕಳೇ ಜಾಸ್ತಿ. ವಸಂತನಗರದಲ್ಲಿ ಫ್ರೆಂಚರ ಸಾಂಸ್ಕೃತಿಕ ಕೇಂದ್ರ, ಇಂದಿರಾನಗರದಲ್ಲಿ ಜರ್ಮನರದ್ದು ಇದೆ. ನಮ್ಮ ಕಾಲೇಜುಗಳಲ್ಲಿ ಬೇರೆ ಬೇರೆ ದೇಶದಿಂದ ಓದಲು ಬಂದ ಹುಡುಗ ಹುಡುಗಿಯರಿದ್ದಾರೆ. ಒಂದು ಶನಿವಾರ ನಮ್ಮ ಶಾಲೆಗೆ ಬಂದು ನಿಮ್ಮ ಅಜ್ಜಿಯ ಕತೆ ಹೇಳಿ ಅಂತ ಇಲಾಖೆ ಕರೆದರೆ ಅವರಲ್ಲಿ ಖುಷಿಯಿಂದ ಬರುವವರು ಇದ್ದೇ ಇರುತ್ತಾರೆ.

ಕಲಾವಿದರ ಸಂಭಾವನೆ ಮತ್ತು ಓಡಾಟದ ಖರ್ಚು ಮಾತ್ರ ಶಾಲೆಯ ತಲೆಗೆ ಬರಬಾರದು. ಅದಕ್ಕೆ ಇಲಾಖೆಯೇ ಪ್ರತ್ಯೇಕ ಹಣ ಇಡಬೇಕು, ಕಾರ್ಯಕ್ರಮದ ದಿನವೇ ಕಲಾವಿದರ ಕೈಗೆ ಸಿಗುವಂತೆ ಮಾಡಬೇಕು. ಇದೊಂದು ತಪ್ಪಿದರೆ ಉಳಿದದ್ದೆಲ್ಲ ಕಾಗದದ ಮೇಲೆ ಉಳಿಯುತ್ತದೆ.

ಮುಂದಿನ ಶೈಕ್ಷಣಿಕ ವರ್ಷದ ಮಾರ್ಗಸೂಚಿ ಹೊರಡಿಸುವಾಗ ಈ ಒಂದು ಗಂಟೆಯನ್ನು ಅದರಲ್ಲಿ ಸೇರಿಸಿ. ಕೈಪಿಡಿಗೆ ನಾನು ಇಷ್ಟು ವರ್ಷ ಕೂಡಿಟ್ಟ ಹಾಡು, ಕತೆಗಳ ಜೋಡಿಗಳನ್ನೆಲ್ಲ ಕೊಡಲು ಸಿದ್ಧಳಿದ್ದೇನೆ, ಬಂದು ಶಿಕ್ಷಕರಿಗೆ ತೋರಿಸಿಕೊಡಲೂ ಸಿದ್ಧ. ಅದಕ್ಕೆ ಮೊದಲು ಯಾವುದಾದರೂ ಶನಿವಾರ ನೀವೇ ಒಂದು ಸರ್ಕಾರಿ ಶಾಲೆಗೆ ಬನ್ನಿ. ವೇದಿಕೆ, ಹಾರ ಬೇಡ. ಮಕ್ಕಳ ಜೊತೆ ನೆಲದ ಮೇಲೆ ಕೂತು ಒಂದು ಕತೆ ಕೇಳಿ, ಬಂದರೆ ನಿಮ್ಮ ಊರಿನದೊಂದು ಹಾಡು ಹೇಳಿಕೊಡಿ. ಆಮೇಲೆ ಆದೇಶಕ್ಕೆ ಸಹಿ ಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ
ಪೀಣ್ಯ, ಬೆಂಗಳೂರು